ಮನೆಗೆ ಅಂಟಿದ ಸಾಲ

ಋಣವು ಮನುಷ್ಯನಿಗೆ ಸೇರಿದ್ದೋ, ವಸ್ತುವಿಗೆ ಸೇರಿದ್ದೋ ಎಂಬ ಪ್ರಶ್ನೆ ಮೇಲ್ನೋಟಕ್ಕೆ ನ್ಯಾಯಾಲಯದ ವಿಷಯವೆಂದು ತೋರಬಹುದು. ವಾಸ್ತವವಾಗಿ ಅದು ಪ್ರತಿಯೊಂದು ಸಂಸಾರದ ವಿಷಯ. ಸಾಲ ಪಡೆಯುವವನು ಹಿಂತಿರುಗಿಸುವೆನೆಂದು ಮಾತು ಕೊಡುತ್ತಾನೆ. ಮಾತು ಕೊಡುವ ಶಕ್ತಿ ಮನುಷ್ಯನಿಗೆ ಉಂಟು. ಗೋಡೆಗಾಗಲಿ ಸೂರಿಗಾಗಲಿ ಇಲ್ಲ. ಆದರೂ ಸಾಲವನ್ನು ಮನುಷ್ಯನಿಂದ ಬಿಡಿಸಿ ಮನೆಗೇ ಅಂಟಿಸುವ ಒಂದು ಪದ್ಧತಿ ಈ ಶತಮಾನದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿದೆ. ಅದರ ಉದ್ದೇಶ ಶ್ಲಾಘ್ಯವಾದದ್ದು, ಪರಿಣಾಮ ಮಾತ್ರ ಮಿಶ್ರವಾದದ್ದು. ಸದುದ್ದೇಶದ ಜೊತೆಗೆ ವಿವೇಕವೂ ಇರಬೇಕೆಂಬುದಕ್ಕೆ ಅದು ತಕ್ಕ ನಿದರ್ಶನವಾಗಿರುವುದರಿಂದ, ಅದನ್ನು ಕೊಂಚ ವಿವರವಾಗಿ ಪರಿಶೀಲಿಸುವುದು ಉಚಿತ.

ಸೂರಿನ ಮೇಲೆ ಸೌರಫಲಕ ಹಾಕಿಸುವುದು, ಗೋಡೆಗಳಿಗೆ ಶಾಖನಿರೋಧಕ ಪದರ ಕೊಡಿಸುವುದು, ಹಳೆಯ ಕಿಟಕಿಗಳನ್ನು ಬದಲಾಯಿಸುವುದು ಇವೆಲ್ಲ ಮನೆಯ ಇಂಧನವ್ಯಯವನ್ನು ತಗ್ಗಿಸುವ ಕಾರ್ಯಗಳು. ಆದರೆ ಖರ್ಚೆಲ್ಲ ಮೊದಲ ದಿನವೇ ಎದುರಾಗುತ್ತದೆ. ಉಳಿತಾಯವಾದರೋ ವರ್ಷವರ್ಷಕ್ಕೆ ಹನಿಹನಿಯಾಗಿ ಕೂಡಿಬರುತ್ತದೆ. ಐದಾರು ವರ್ಷಗಳಲ್ಲಿ ಮನೆ ಮಾರಿ ಬೇರೆ ಊರಿಗೆ ಹೋಗಬಹುದಾದ ಕುಟುಂಬವು, ಮುಂದೆ ಬರುವವರ ಅನುಕೂಲಕ್ಕಾಗಿ ತಾನೇಕೆ ಹಣ ಸುರಿಯಬೇಕೆಂದು ಹಿಂಜರಿಯುವುದು ಸಹಜ.

ಈ ತೊಡಕಿಗೆ ಪರಿಹಾರ ದೊರೆತದ್ದು ಒಂದು ಹಳೆಯ ರೂಢಿಯಲ್ಲಿ. ಚರಂಡಿ, ಬೀದಿದೀಪ ಮೊದಲಾದ ಕಾಮಗಾರಿಗಳ ವೆಚ್ಚವನ್ನು ಅವುಗಳ ಪ್ರಯೋಜನ ಪಡೆಯುವ ಆಸ್ತಿಗಳ ಮೇಲೆ ವಿಶೇಷ ಕರವಾಗಿ ವಿಧಿಸಿ, ಆಸ್ತಿ ತೆರಿಗೆಯೊಡನೆ ವಸೂಲು ಮಾಡುವುದು ಅಮೆರಿಕದ ನಗರಗಳಲ್ಲಿ ಬಹುಕಾಲದಿಂದ ನಡೆದುಬಂದ ಕ್ರಮ. ಅದೇ ಕ್ರಮವನ್ನು ಒಂದೊಂದು ಮನೆಗೂ, ಮಾಲೀಕನ ಒಪ್ಪಿಗೆಯ ಮೇರೆಗೆ, ಏಕೆ ಅನ್ವಯಿಸಬಾರದು? ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರದ ಮೇಯರ್ ಕಚೇರಿಯಲ್ಲಿದ್ದ ಸಿಸ್ಕೊ ಡಿವ್ರೀಸ್ ಅವರು ಈ ಆಲೋಚನೆಯನ್ನು ಮುಂದಿಟ್ಟರು. 2008ರಲ್ಲಿ ಅಲ್ಲಿ ಮೊದಲ ಪ್ರಯೋಗ ಆರಂಭವಾಯಿತು; ಅದೇ ವರ್ಷ ರಾಜ್ಯದ ಶಾಸನವೂ ಇದಕ್ಕೆ ದಾರಿ ಮಾಡಿಕೊಟ್ಟಿತು. ಆ ಪ್ರಯೋಗದಲ್ಲಿ ಕೆಲಸ ಪೂರ್ಣಗೊಂಡದ್ದು ಕೇವಲ 13 ಮನೆಗಳಲ್ಲಾದರೂ ವಿಚಾರ ಬೇಗನೆ ಹರಡಿತು. ‘ಪ್ರಾಪರ್ಟಿ ಅಸೆಸ್ಡ್ ಕ್ಲೀನ್ ಎನರ್ಜಿ’, ಸಂಕ್ಷೇಪವಾಗಿ ‘ಪೇಸ್’, ಎಂಬುದು ಈ ಪದ್ಧತಿಯ ಹೆಸರು. ಹಣ ಮೊದಲೇ ದೊರೆಯುತ್ತದೆ. ಮಾಲೀಕನು ಅದನ್ನು ಬಡ್ಡಿಸಮೇತ ಆಸ್ತಿ ತೆರಿಗೆಯ ಜೊತೆಯಲ್ಲಿ ಹಲವು ವರ್ಷ ಕಟ್ಟುತ್ತಾನೆ. ನಡುವೆ ಮನೆ ಮಾರಿದರೆ ಉಳಿದ ಕಂತುಗಳು ಹೊಸ ಮಾಲೀಕನಿಗೆ ಸೇರುತ್ತವೆ. ಸುಖ ಅನುಭವಿಸುವವನೇ ಭಾರವನ್ನೂ ಹೊರಬೇಕೆಂಬ ಈ ತತ್ತ್ವದಲ್ಲಿ ನ್ಯಾಯವಿದೆ.

ಆದರೆ ಈ ವ್ಯವಸ್ಥೆಯ ಬಲವೇ ಅದರ ದೌರ್ಬಲ್ಯವೂ ಆಯಿತು. ತೆರಿಗೆಯ ಬಾಕಿಯು ಉಳಿದೆಲ್ಲ ಸಾಲಗಳಿಗಿಂತ ಮೊದಲು ತೀರಬೇಕಾದದ್ದು. ಹಾಗಾಗಿ ಪೇಸ್ ಹಣವು ಬ್ಯಾಂಕಿನ ಗೃಹಸಾಲವನ್ನೂ ಹಿಂದಿಕ್ಕಿ ಮುಂದಿನ ಸಾಲಿನಲ್ಲಿ ನಿಂತಿತು. ಇದನ್ನು ಆಕ್ಷೇಪಿಸಿ 2010ರ ಜುಲೈನಲ್ಲಿ ಫೆಡರಲ್ ಹೌಸಿಂಗ್ ಫೈನಾನ್ಸ್ ಏಜೆನ್ಸಿ ಎಚ್ಚರಿಕೆ ನೀಡಿದಾಗ ಅನೇಕ ಊರುಗಳ ಯೋಜನೆಗಳು ನಿಂತುಹೋದವು. ಕ್ಯಾಲಿಫೋರ್ನಿಯಾ, ಫ್ಲಾರಿಡಾ, ಮಿಸೌರಿಗಳಲ್ಲಿ ಮಾತ್ರ ವಾಸದ ಮನೆಗಳ ಪೇಸ್ ದೊಡ್ಡ ಪ್ರಮಾಣದಲ್ಲಿ ಬೆಳೆಯಿತು. ಸರ್ಕಾರದ ವಿಮೆಯುಳ್ಳ ಗೃಹಸಾಲವೂ ಇಂಥ ಮನೆಗಳಿಗೆ ದೊರೆಯದೆಂದು 2017ರಲ್ಲಿ ನಿಶ್ಚಯವಾಯಿತು. ಕೊಳ್ಳುವವನೊಡನೆ ಸಾಲವೂ ಸಾಗುವುದೆಂದು ನಂಬಿದ್ದ ಎಷ್ಟೋ ಮಂದಿ, ಮನೆ ಮಾರುವಾಗ ಪೂರ್ಣ ಮೊತ್ತವನ್ನು ತಾವೇ ತೀರಿಸಬೇಕಾಯಿತು.

ಇದಕ್ಕಿಂತಲೂ ಗಂಭೀರವಾದ ದೋಷ ಇನ್ನೊಂದಿತ್ತು. ಮನೆಯೇ ಭದ್ರತೆಯಾಗಿರುವಾಗ, ಸಾಲಗಾರನ ಆದಾಯವನ್ನು ವಿಚಾರಿಸುವ ಅಗತ್ಯ ಕೊಡುವವನಿಗೆ ಕಾಣಲಿಲ್ಲ. ಮನೆಯ ಬೆಲೆಯೆಷ್ಟು, ಹಿಂದಿನ ತೆರಿಗೆ ಕಟ್ಟಿದೆಯೇ ಎಂಬುದನ್ನು ನೋಡಿದರೆ ಸಾಕಾಯಿತು. ಕೆಲಸ ಮಾಡಿಸಿಕೊಳ್ಳಿರೆಂದು ಬಾಗಿಲಿಗೆ ಬಂದ ಗುತ್ತಿಗೆದಾರನೇ ಸಾಲದ ಪತ್ರಕ್ಕೂ ರುಜು ಪಡೆದನು. ಇದು ಸಾಲವಲ್ಲ, ಸರ್ಕಾರದ ಸಹಾಯ ಎಂಬ ಮಾತು ಕೇಳಿ ರುಜು ಹಾಕಿದೆವೆಂಬ ದೂರುಗಳು ಆಮೇಲೆ ಕೇಳಿಬಂದವು.

ಪಿಂಚಣಿಯಿಂದ ಜೀವಿಸುವ ಒಬ್ಬ ವೃದ್ಧೆಯ ಸ್ಥಿತಿಯನ್ನು ಕಲ್ಪಿಸಿಕೊಳ್ಳಬಹುದು. ಆಕೆ 20,000 ಡಾಲರ್ ಸಾಲವನ್ನು ಶೇಕಡಾ 7.75ರ ಬಡ್ಡಿಗೆ 20 ವರ್ಷಗಳ ಅವಧಿಗೆ ಪಡೆದಳೆನ್ನೋಣ. ವರ್ಷದ ಕಂತು ಸುಮಾರು 2,000 ಡಾಲರ್. ಒಟ್ಟು ಕಟ್ಟುವುದು ಸುಮಾರು 40,000 ಡಾಲರ್. ವಿದ್ಯುತ್ತಿನಲ್ಲಿ ವರ್ಷಕ್ಕೆ 1,200 ಡಾಲರ್ ಉಳಿದರೂ 800 ಡಾಲರ್ ಕೈಯಿಂದಲೇ ಹೋಗಬೇಕು. ಬ್ಯಾಂಕು ತಿಂಗಳ ಕಂತಿನೊಡನೆ ತೆರಿಗೆಯ ಹಣವನ್ನೂ ಸಂಗ್ರಹಿಸಿ ಕಟ್ಟುವ ಏರ್ಪಾಡು ಇದ್ದಲ್ಲಿ, ಈ ಭಾರ ಕೂಡಲೇ ತಿಳಿಯುವುದೂ ಇಲ್ಲ. ಮರುವರ್ಷ ಹಿಂದಿನ ಕೊರತೆಯನ್ನೂ ಕೂಡಿಸಿಕೊಂಡು ಒಮ್ಮೆಲೇ ಎರಗುತ್ತದೆ. ತೆರಿಗೆ ಬಾಕಿ ಬಿದ್ದರೆ ಕಡೆಗೆ ಮನೆಯೇ ಹೋಗಬಹುದು. ಬೆಳಕನ್ನು ಅಗ್ಗವಾಗಿಸಲು ಹೊರಟು ದೀಪ ಹಚ್ಚುವ ಸೂರನ್ನೇ ಕಳೆದುಕೊಂಡಂತೆ.

ತಿದ್ದುಪಡಿಗಳು ತಡವಾಗಿಯಾದರೂ ಬಂದವು. ಸಾಲಗಾರನ ಆದಾಯವನ್ನು ಪರೀಕ್ಷಿಸಬೇಕು, ಷರತ್ತುಗಳನ್ನು ಬಾಯಿಮಾತಿನಲ್ಲೂ ತಿಳಿಸಿ ದೃಢಪಡಿಸಿಕೊಳ್ಳಬೇಕು ಎಂದು ಕ್ಯಾಲಿಫೋರ್ನಿಯಾ 2017ರಲ್ಲಿ ಕಾನೂನು ಮಾಡಿತು. ಲಾಸ್ ಏಂಜಲೀಸ್ ಕೌಂಟಿಯು 2020ರಲ್ಲಿ ಮನೆಗಳ ಪೇಸ್ ಯೋಜನೆಯನ್ನೇ ಕೈಬಿಟ್ಟಿತು. ಪೇಸ್ ಪಡೆದವರ ಆಸ್ತಿ ತೆರಿಗೆಯ ಬಿಲ್ಲು ಸರಾಸರಿ ವರ್ಷಕ್ಕೆ ಸುಮಾರು 2,700 ಡಾಲರ್ ಏರಿತೆಂದೂ, ಗೃಹಸಾಲದ ಕಂತು ತಪ್ಪಿಸುವವರ ಪ್ರಮಾಣ ಹೆಚ್ಚಿತೆಂದೂ ಅಲ್ಲಿನ ಕೇಂದ್ರ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ 2023ರಲ್ಲಿ ವರದಿ ಮಾಡಿತು. ತೀರಿಸುವ ಸಾಮರ್ಥ್ಯವನ್ನು ಮೊದಲೇ ಪರೀಕ್ಷಿಸಬೇಕೆಂಬ ನಿಯಮವನ್ನು ಅದೇ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ ಅಂತಿಮಗೊಳಿಸಿತು.

ಇದರಿಂದ ಪದ್ಧತಿಯೇ ಕೆಟ್ಟದ್ದೆಂದು ತೀರ್ಮಾನಿಸಲಾಗದು. ಆದಾಯ ಬಲ್ಲವರಿಗೆ, ಲೆಕ್ಕ ತಿಳಿದವರಿಗೆ ಅದು ಉಪಕಾರಿಯೇ ಆಗಿದೆ. ಫ್ಲಾರಿಡಾದಲ್ಲಿ ಚಂಡಮಾರುತವನ್ನು ತಡೆಯಬಲ್ಲ ಸೂರು-ಕಿಟಕಿಗಳಿಗೂ ಅದು ಹಣ ಒದಗಿಸಿದೆ. ತಪ್ಪಿದ್ದು ಎಲ್ಲಿ ಎಂದರೆ, ಸಾಲ ವಸೂಲಾಗುವುದೇ ಎಂಬ ಪ್ರಶ್ನೆಯನ್ನು ಕೇಳಿದವರು, ಸಾಲಗಾರನು ಅದನ್ನು ಹೊರಬಲ್ಲನೇ ಎಂಬ ಪ್ರಶ್ನೆಯನ್ನು ಕೇಳದೆ ಹೋದದ್ದರಲ್ಲಿ. ಮೊದಲನೆಯದು ಕೊಡುವವನ ಹಿತ. ಎರಡನೆಯದು ಪಡೆಯುವವನ ಹಿತ. ಭದ್ರತೆ ಹೆಚ್ಚಿದಷ್ಟೂ ಎರಡನೆಯ ಪ್ರಶ್ನೆ ಮರೆತುಹೋಗುತ್ತದೆ. ಆದ್ದರಿಂದಲೇ ಅದನ್ನು ಮೊದಲು ಕೇಳಬೇಕು.

ಸಂಸ್ಥೆಗಳ ಆಡಳಿತ ಹೊತ್ತವರಿಗೂ ಈ ವಿಚಾರ ದೂರದ್ದಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಲಾಭರಹಿತ ಸಂಸ್ಥೆಗಳ ಕಟ್ಟಡಗಳಿಗೂ ಪೇಸ್ ದೊರೆಯುತ್ತದೆ. ಆಸ್ತಿ ತೆರಿಗೆಯ ವಿನಾಯಿತಿ ಇದ್ದರೂ ತಾವಾಗಿ ಒಪ್ಪಿದ ಈ ವಿಶೇಷ ಕರವನ್ನು ಕಟ್ಟಲೇಬೇಕು. ಇಂದಿನ ಧರ್ಮದರ್ಶಿಗಳ ರುಜು ಇಪ್ಪತ್ತು ವರ್ಷಗಳ ನಂತರದ ಧರ್ಮದರ್ಶಿಗಳನ್ನೂ ಕಟ್ಟಿಹಾಕುತ್ತದೆ. ರುಜು ಹಾಕುವ ಮುನ್ನ ಕಂತು ಮತ್ತು ಉಳಿತಾಯಗಳ ಲೆಕ್ಕವನ್ನು ಸಭೆಯ ಮುಂದಿಟ್ಟು, ನಡವಳಿ ಪುಸ್ತಕದಲ್ಲಿ ಬರೆದಿಟ್ಟರೆ, ಮುಂದೆ ಬರುವವರು ತಾವು ಹೊತ್ತಿರುವುದು ಏನೆಂದು ಅರಿತು ಹೊರುವರು. ಗೃಹಸ್ಥರೂ ಮಕ್ಕಳೊಡನೆ ಕುಳಿತು ಇದೇ ಲೆಕ್ಕವನ್ನು ಮಾಡುವುದು ಶ್ರೇಯಸ್ಕರ.