ಎಲ್ಲೆ ಹಾಕಿದ ಅನ್ಯಾಯ

ಅನ್ಯಾಯವನ್ನು ಪೂರ್ತಿಯಾಗಿ ತೊರೆಯಲಾರದ ಮನುಷ್ಯ ಅದಕ್ಕೊಂದು ಎಲ್ಲೆ ಹಾಕಿ ಸಮಾಧಾನಪಡುತ್ತಾನೆ. ಆ ಎಲ್ಲೆ ಎಷ್ಟು ಕಾಲ ನಿಲ್ಲುತ್ತದೆ ಎಂಬುದನ್ನು ಆಫ್ರಿಕದ ಕಾಂಗೋ ರಾಜ್ಯದ ಇತಿಹಾಸ ತಿಳಿಸುತ್ತದೆ.

ಇಂದಿನ ಅಂಗೋಲಾದ ಉತ್ತರಕ್ಕಿರುವ ಎಂಬಾಂಜಾ ಕಾಂಗೋ ಆ ರಾಜ್ಯದ ರಾಜಧಾನಿ. 15ನೆಯ ಶತಮಾನದ ಕೊನೆಯಲ್ಲಿ ಪೋರ್ಚುಗೀಸರು ಹಡಗಿನಲ್ಲಿ ಬಂದಾಗ ಅಲ್ಲಿ ಪ್ರಾಂತಾಧಿಕಾರಿಗಳಿದ್ದರು, ಕಪ್ಪಕಾಣಿಕೆಯ ಕ್ರಮವಿತ್ತು, ಚಿಪ್ಪಿನ ನಾಣ್ಯ ಚಲಾವಣೆಯಲ್ಲಿತ್ತು. 1509ರ ಸುಮಾರಿಗೆ ಪಟ್ಟವೇರಿದ ಒಂದನೆಯ ಅಫೊನ್ಸೊ ಕ್ರೈಸ್ತಧರ್ಮವನ್ನು ಅಪ್ಪಿದವನು, ವಿದ್ಯಾಪ್ರಿಯ, ಶಾಲೆಗಳನ್ನು ತೆರೆಸಿದವನು.

ಆದರೂ ಯುದ್ಧದಲ್ಲಿ ಸೆರೆಸಿಕ್ಕವರನ್ನು ಗುಲಾಮರನ್ನಾಗಿ ಮಾರುವುದಕ್ಕೆ ಅವನೂ ಹೊರತಾಗಿರಲಿಲ್ಲ. ಪರನಾಡಿನ ಸೆರೆಯಾಳನ್ನು ಮಾರಬಹುದು, ಸ್ವಂತ ಪ್ರಜೆಯನ್ನು ಮುಟ್ಟಬಾರದು ಎಂಬುದು ಅಂದಿನ ಎಲ್ಲೆ. ಆದರೆ ಸಾವೊ ತೋಮೆ ದ್ವೀಪದ ಕಬ್ಬಿನ ತೋಟಗಳಿಗೆ ಆಳುಗಳು ಬೇಕಾಗಿದ್ದರು. ಕೊಳ್ಳುವವರು ಸಿದ್ಧರಿರುವಾಗ ಸೆರೆಯಾಳು ಯಾರು, ಪ್ರಜೆ ಯಾರು ಎಂದು ಕೇಳುವವರು ಉಳಿಯಲಿಲ್ಲ.

1526ರ ಜುಲೈಯಲ್ಲಿ ಅಫೊನ್ಸೊ ಪೋರ್ಚುಗಲ್ಲಿನ ದೊರೆ ಮೂರನೆಯ ಜೊವಾವೊಗೆ ಪತ್ರ ಬರೆದನು. ವರ್ತಕರು ಪ್ರಜೆಗಳನ್ನೂ, ಕುಲೀನರ ಮಕ್ಕಳನ್ನೂ, ತನ್ನ ಬಂಧುಗಳನ್ನೂ ಹಿಡಿದೊಯ್ಯುತ್ತಿದ್ದಾರೆ, ನಾಡು ಬರಿದಾಗುತ್ತಿದೆ ಎಂದು ದೂರಿದನು. ಪಾದ್ರಿಗಳೂ ಉಪಾಧ್ಯಾಯರೂ ಸಾಕು, ಗುಲಾಮರ ವ್ಯಾಪಾರ ಬೇಡವೆಂದನು. ಆದರೆ ಅದೇ ಅಕ್ಟೋಬರಿನಲ್ಲಿ ಅವನು ಕೈಗೊಂಡ ಕ್ರಮ ನಿಷೇಧವಲ್ಲ, ತಪಾಸಣೆ. ಮಾರಾಟಕ್ಕೆ ಬಂದವನು ನಿಜವಾಗಿ ಸೆರೆಯಾಳೇ ಎಂದು ಪರೀಕ್ಷಿಸಲು ಮೂವರು ಅಧಿಕಾರಿಗಳನ್ನು ನೇಮಿಸಿದನು. ವ್ಯಾಪಾರ ಮುಂದುವರಿಯಿತು.

1665ರಲ್ಲಿ ಎಂಬ್ವಿಲಾ ಕದನದಲ್ಲಿ ಪೋರ್ಚುಗೀಸರ ಸೇನೆಯ ಎದುರು ಕಾಂಗೋದ ದೊರೆ ಹತನಾದನು. ಸಿಂಹಾಸನಕ್ಕಾಗಿ ಮನೆತನಗಳು ಕಾದಾಡಿದವು. 1678ರಲ್ಲಿ ರಾಜಧಾನಿಯೇ ಪಾಳುಬಿತ್ತು. ಈ ಅಂತಃಕಲಹದಲ್ಲಿ ಸೋತವರನ್ನು ಗೆದ್ದವರು ಮಾರಿದರು. ಯಾವ ಪ್ರಜೆಯನ್ನು ಮುಟ್ಟಬಾರದೆಂದು ಎಲ್ಲೆ ಹಾಕಿತ್ತೋ ಆ ಪ್ರಜೆಯೇ ಈಗ ಸೆರೆಯಾಳಾದನು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಪಶ್ಚಿಮ ಕರಾವಳಿಯ ಬೇರೆ ರಾಜ್ಯಗಳೂ ಈ ಸುಳಿಗೆ ಸಿಕ್ಕವು. ದಹೋಮಿಯ ದೊರೆ ಅಗಾಜಾ 1727ರಲ್ಲಿ ಉಯಿದಾ ಬಂದರನ್ನು ಗೆದ್ದನು. ಅಲ್ಲಿಂದ ಮುಂದೆ ಆ ರಾಜ್ಯದ ಬೊಕ್ಕಸ ಬಹುಮಟ್ಟಿಗೆ ಮನುಷ್ಯರ ಮಾರಾಟವನ್ನೇ ನೆಚ್ಚಿತು. ಸೆರೆಯಾಳುಗಳನ್ನು ಕೊಟ್ಟರೆ ಕೋವಿ, ಕೋವಿಯಿದ್ದರೆ ಇನ್ನಷ್ಟು ಸೆರೆಯಾಳುಗಳು. ಮಾರಲೊಲ್ಲದ ನೆರೆಯವನು ತಾನೇ ಬೇಟೆಯಾಗುವ ಭಯವಿತ್ತು.

ನಾಲ್ಕು ಶತಮಾನಗಳಷ್ಟು ಕಾಲದಲ್ಲಿ ಸುಮಾರು 1 ಕೋಟಿ 25 ಲಕ್ಷ ಜನರನ್ನು ಅಟ್ಲಾಂಟಿಕ್ ಹಡಗುಗಳಿಗೆ ಏರಿಸಲಾಯಿತೆಂದು ಇತಿಹಾಸಕಾರರ ಅಂದಾಜು. ಜೀವಂತವಾಗಿ ದಡ ಸೇರಿದವರು ಸುಮಾರು 1 ಕೋಟಿ 7 ಲಕ್ಷ. ಉಳಿದ ಸುಮಾರು 18 ಲಕ್ಷ ಜನರಿಗೆ ಕಡಲೇ ಸ್ಮಶಾನವಾಯಿತು.

ಮಾರಿದ ದೊರೆಗಳ ಪಾಲಿನ ಹೊಣೆಯಿಂದ ಕೊಂಡವರ ಹೊಣೆ ತಗ್ಗುವುದಿಲ್ಲ. ಹಡಗು, ಬಂಡವಾಳ, ತೋಟ, ಲಾಭ ಎಲ್ಲವೂ ಯುರೋಪಿನವರ ಕೈಯಲ್ಲಿದ್ದವು. ಮನುಷ್ಯರಿಗೆ ಬದಲಾಗಿ ಅವರು ಕೊಟ್ಟ ಸರಕಿನಲ್ಲಿ ಮಾಲ್ದೀವಿನ ಕವಡೆಯೂ ಭಾರತದ ಹತ್ತಿಬಟ್ಟೆಯೂ ಇದ್ದವು. ಬಟ್ಟೆ ನೇಯ್ದ ಬಡಕೈಗೆ ಅದು ಎಲ್ಲಿ, ಯಾವುದಕ್ಕೆ ಬೆಲೆಯಾಗುವುದೆಂದು ತಿಳಿಯುವಂತಿರಲಿಲ್ಲ. ತುಂಬಿಸಿ ಸಾಗಿಸಿದವರಿಗೆ ತಿಳಿದಿತ್ತು.

ಲೆಕ್ಕಪತ್ರ ಸರಿಯಿದ್ದ ಮಾತ್ರಕ್ಕೆ ವ್ಯವಹಾರ ಶುದ್ಧವಾಗುವುದಿಲ್ಲ. ಅಫೊನ್ಸೊನ ಮೂವರು ಅಧಿಕಾರಿಗಳು ಪರೀಕ್ಷಿಸಿ ಒಪ್ಪಿದ ಮನುಷ್ಯನಿಗೂ ಸಂಕೋಲೆಯ ಭಾರ ಅಷ್ಟೇ ಇತ್ತು.