ಈಮ್ ಹಳ್ಳಿಯ ಕಲ್ಲು, ನಮ್ಮೂರ ಬೇಲಿ

ಇಂಗ್ಲೆಂಡಿನ ಹಳ್ಳಿ ನೋಡ್ಬೇಕು ಅಂದ್ರೆ ಎಲ್ಲರೂ ಮೊದಲು ಹೇಳೋದು ಕಾಟ್ಸ್‌ವೋಲ್ಡ್ಸ್. ಜೇನುಬಣ್ಣದ ಕಲ್ಲಿನ ಮನೆಗಳು, ಬಾಗಿಲ ಪಕ್ಕ ಗುಲಾಬಿ ಬಳ್ಳಿ, ಫೋಟೋ ತೆಗೆಯೋಕೆ ಕ್ಯೂ. ನಾನೂ ಹೋಗಿದ್ದೆ, ಚೆನ್ನಾಗೇ ಇದೆ. ಆದರೆ ಪ್ರಾಜೆಕ್ಟ್ ಮೇಲೆ ಆರು ತಿಂಗಳು ಶೆಫೀಲ್ಡ್‌ನಲ್ಲಿದ್ದಾಗ ನೋಡಿದ ಇನ್ನೊಂದು ಹಳ್ಳಿ ಮನಸ್ಸಲ್ಲಿ ಉಳಿದುಬಿಟ್ಟಿದೆ. ಡರ್ಬಿಶೈರ್‌ನ ಈಮ್.

ಶೆಫೀಲ್ಡ್‌ನಿಂದ ಹೋಪ್ ವ್ಯಾಲಿ ರೈಲು ಹತ್ತಿ, ಉದ್ದನೆಯ ಸುರಂಗ ದಾಟಿದರೆ ಗ್ರಿಂಡಲ್‌ಫರ್ಡ್ ಸ್ಟೇಷನ್. ಅಲ್ಲಿಂದ ಸುಮಾರು ಒಂದೂವರೆ ಗಂಟೆ ನಡಿಗೆ, ಏರುದಾರಿ. ಪುಟ್ಟ ಊರು. ಒಂದು ಚರ್ಚ್, ಒಂದು ಮ್ಯೂಸಿಯಂ. ಕೆಲವು ಮನೆಗಳ ಮುಂದೆ ಬೋರ್ಡ್ ಇದೆ, ಆ ಮನೆಯಲ್ಲಿ ಪ್ಲೇಗ್‌ಗೆ ಸತ್ತವರ ಹೆಸರುಗಳು ಅದರಲ್ಲಿವೆ.

1665ರಲ್ಲಿ ಲಂಡನ್‌ನಿಂದ ಇಲ್ಲಿನ ದರ್ಜಿಗೆ ಬಂದ ಬಟ್ಟೆಯ ಗಂಟಿನಲ್ಲಿ ಚಿಗಟಗಳಿದ್ದವು, ಅವುಗಳಿಂದ ಪ್ಲೇಗ್ ಬಂತು ಅನ್ನುತ್ತಾರೆ. ಮರುವರ್ಷ ಪಾದ್ರಿ ವಿಲಿಯಂ ಮೊಂಪೆಸನ್, ಅವರಿಗಿಂತ ಮೊದಲಿದ್ದ ಪಾದ್ರಿ ಥಾಮಸ್ ಸ್ಟ್ಯಾನ್ಲಿ ಸೇರಿ ಜನರನ್ನು ಒಪ್ಪಿಸಿದರು: ಯಾರೂ ಊರು ಬಿಟ್ಟು ಹೋಗೋದು ಬೇಡ, ರೋಗ ಪಕ್ಕದ ಊರಿಗೆ ದಾಟಬಾರದು. ಸತ್ತವರು ಸುಮಾರು 260 ಜನ. ಎಲಿಜಬೆತ್ ಹ್ಯಾನ್‌ಕಾಕ್ ಎಂಬಾಕೆ ಎಂಟು ದಿನದಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ತಾನೇ ಮಣ್ಣು ಮಾಡಿದಳು. ತನ್ನ ಮಕ್ಕಳನ್ನು ಮೊದಲೇ ಬೇರೆಡೆ ಕಳಿಸಿದ್ದ ಮೊಂಪೆಸನ್, ಜೊತೆಗೇ ಉಳಿದ ಹೆಂಡತಿ ಕ್ಯಾಥರಿನ್‌ಳನ್ನು ಕಳೆದುಕೊಂಡ.

ಊರಾಚೆ, ಸ್ಟೋನಿ ಮಿಡಲ್‌ಟನ್‌ಗೆ ಹೋಗೋ ಕಾಲುದಾರಿಯಲ್ಲಿ ಒಂದು ಗಡಿಕಲ್ಲಿದೆ. ಅದರಲ್ಲಿ ಸಣ್ಣ ಕುಳಿಗಳು. ಈಮ್‌ನವರು ಕುಳಿಗೆ ವಿನೆಗರ್ ಹಾಕಿ ಅದರಲ್ಲಿ ನಾಣ್ಯ ಇಟ್ಟು ಹೋಗುತ್ತಿದ್ದರು. ಆಚೆಯವರು ದುಡ್ಡು ತಗೊಂಡು ಊಟದ ಸಾಮಾನು ಇಟ್ಟು ಹೋಗುತ್ತಿದ್ದರು.

ಆ ಕಲ್ಲಿನ ಹತ್ತಿರ ಕೂತಾಗ ನೆನಪಾದದ್ದು ಅರಸೀಕೆರೆ ಹತ್ತಿರದ ನಮ್ಮೂರು.

2020ರ ಮಾರ್ಚ್ ಕೊನೆ ವಾರ ಬೆಂಗಳೂರಿನ ಪಿಜಿ ಖಾಲಿ ಮಾಡಿಸಿದರು. ಬೈಕಲ್ಲಿ ಒಳದಾರಿಗಳನ್ನು ಹಿಡಿದು ಊರಿಗೆ ಹೋದರೆ, ರಸ್ತೆಗೆ ಅಡ್ಡ ಜಾಲಿಮುಳ್ಳು. ಫೋನ್ ಮಾಡಿದೆ, ಅಪ್ಪ ಬಂದರು. ಬೇಲಿಯಾಚೆ ದೂರದಲ್ಲೇ ನಿಂತು, "ವಾಪಸ್ ಹೋಗಪ್ಪ, ಊರೋರು ಒಪ್ಪಲ್ಲ" ಅಂದರು. ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಇದ್ದ ಚೀಲವನ್ನು ಸೇತುವೆ ಕಟ್ಟೆ ಮೇಲಿಟ್ಟು ಹಿಂದೆ ಸರಿದರು. ತಗೊಂಡು ಮಾತಾಡದೆ ತಿರುಗಿದೆ. ಫ್ರೆಂಡ್ ರೂಮಲ್ಲಿ ಎರಡು ತಿಂಗಳು ಕಳೆದೆ. ಆಮೇಲೆ ಹಬ್ಬಕ್ಕೆ ಹೋದೆ, ದುಡ್ಡು ಕಳಿಸಿದೆ, ಎಲ್ಲಾ ಸರಿ. ಆದರೆ ಊರೋರ ಮಾತು ಕೇಳಿ ಮಗನನ್ನೇ ವಾಪಸ್ ಕಳಿಸಿದರಲ್ಲ ಅನ್ನೋ ಸಿಟ್ಟು ಮಾತ್ರ ಹೋಗಿರಲಿಲ್ಲ.

ಈಮ್‌ನಿಂದಲೇ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಕಲ್ಲು ತೋರಿಸಿ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತು ಮುಳ್ಳು ಕಡಿದು ತಂದು ಹಾಕಿದ್ದರಲ್ಲಿ ನಾನೂ ಇದ್ದೆ ಮಗಾ. ನಿಮ್ಮಜ್ಜಿಗೆ ಉಬ್ಬಸ ಇತ್ತಲ್ಲ. ನಿನಗೆ ಹೇಳೋಕೆ ಬಾಯಿ ಬರಲಿಲ್ಲ" ಅಂದರು.

ಅಜ್ಜಿ ಆ ವರ್ಷ ದಾಟಿದರು. ಮತ್ತೆ ಮೂರು ಯುಗಾದಿ ನಮ್ಮ ಜೊತೆ ಮಾಡಿದರು. ಆ ಲೆಕ್ಕ ನಾನು ಯಾವತ್ತೂ ಹಾಕಿರಲೇ ಇಲ್ಲ.

"ಆ ರೊಟ್ಟಿ ತಿಂದ್ಯಾ ಅವತ್ತು?" ಅಂತ ಕೇಳಿದರು ಅಪ್ಪ.

"ತಿಂದೆ ಅಪ್ಪ, ದಾರೀಲೇ ತಿಂದೆ" ಅಂದೆ. ಅಷ್ಟು ವರ್ಷ ಅವರಿಗದು ಗೊತ್ತಿರಲಿಲ್ಲ.