ಗುಡ್ಡದ ಮೇಲಿನ ಗುರುಕುಲ

ಕಳೆದ ಅಮಾವಾಸ್ಯೆಯಂದು ಉಕ್ಕಡಗಾತ್ರಿಯಲ್ಲಿ ಶ್ರೀ ಕರಿಬಸವೇಶ್ವರ ಅಜ್ಜಯ್ಯನವರ ಗದ್ದುಗೆಯ ದರ್ಶನ ಮುಗಿಸಿ ನಾವು ತುಂಗಭದ್ರೆಯ ದಂಡೆಗೆ ಬಂದಾಗ, ರೈತರೊಬ್ಬರು ಮಗನೊಡನೆ ಬಂದು ಪಾದಕ್ಕೆರಗಿದರು. ಹುಡುಗನಿಗೆ ಧಾರವಾಡದಲ್ಲಿ ಗಣಿತದ ಎಂ.ಎಸ್ಸಿ.ಗೆ ಪ್ರವೇಶ ದೊರೆತಿತ್ತು. "ಬುದ್ಧಿ, ಎರಡೆಕರೆ ಗದ್ದೆಯವರಿಗೆ ಇಷ್ಟು ಓದು ಸಾಲದೇ? ಊರಲ್ಲೇ ಇರು ಅಂತ ತಾವೊಂದು ಮಾತು ಹೇಳಿಬಿಡಿ" ಎಂದರು.

ಅಂಥ ಮಾತನ್ನು ನಾವು ಹಿಂದೊಮ್ಮೆ ಆಡಿದ್ದುಂಟು. ಮಠದ ವಿದ್ಯಾರ್ಥಿಯೊಬ್ಬನನ್ನು, ಅವನ ತಂದೆಯ ಬಡತನಕ್ಕೆ ಮರುಗಿ, ಊರಿಗೆ ಕಳುಹಿಸಿದೆವು. ಅವನು ಈಗಲೂ ಜಾತ್ರೆಗೆ ಬಂದು ಮಠದ ಭಂಡಾರದಿಂದ ಪುಸ್ತಕ ಕೇಳಿ ಒಯ್ಯುತ್ತಾನೆ. ಒಮ್ಮೆಯೂ ನಮ್ಮನ್ನು ದೂರಿಲ್ಲ. ಅದೇ ನಮಗೆ ಭಾರವಾಗಿದೆ.

ಆದುದರಿಂದ ಅಂದು ಡಿ. ಸಿ. ಪಾವಟೆಯವರ ವಿಷಯವನ್ನು ಹೇಳಿದೆವು. ಅವರು 1899ರಲ್ಲಿ ಗೋಕಾಕ ತಾಲೂಕಿನ ಮಮದಾಪುರದಲ್ಲಿ ಜನಿಸಿದವರು. ಧಾರವಾಡದ ಕರ್ನಾಟಕ ಕಾಲೇಜಿನಿಂದ ಕೇಂಬ್ರಿಜ್‌ಗೆ ಹೋಗಿ ಗಣಿತದಲ್ಲಿ ರ್‍ಯಾಂಗ್ಲರ್ ಎನಿಸಿದರು. ಮುಂಬಯಿ ಪ್ರಾಂತದ ವಿದ್ಯಾ ಇಲಾಖೆಯ ನಿರ್ದೇಶಕರಾಗಿ ದುಡಿದು, 1954ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಉಪಕುಲಪತಿಗಳಾದರು. 1949ರಲ್ಲಿ ಹುಟ್ಟಿದ ಆ ಸಂಸ್ಥೆ ಆಗಿನ್ನೂ ಐದು ವರ್ಷದ ಕೂಸು. ಹದಿಮೂರು ವರ್ಷ ಅದನ್ನು ಸಾಕಿ ಬೆಳೆಸಿ, ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ ವಿದ್ಯಾನಗರಿಯನ್ನೇ ನಿಲ್ಲಿಸಿದರು. 1967ರಿಂದ 1973ರವರೆಗೆ ಪಂಜಾಬಿನ ರಾಜ್ಯಪಾಲರಾಗಿದ್ದರೂ ನಾಡು ಅವರನ್ನು ನೆನೆಯುವುದು ಆ ಗುಡ್ಡದಿಂದಲೇ. ನಾವೂ ಅಲ್ಲಿ ಓದಿದವರು. ಪಾವಟೆ ನಗರವೆಂಬ ಹೆಸರನ್ನು ದಿನವೂ ನುಡಿಯುತ್ತಿದ್ದೆವು, ಅದರ ಹಿಂದಿನ ಕಾಯಕವನ್ನು ಅರಿತದ್ದು ತಡವಾಗಿ.

ರೈತರು ಕೇಳಿದರು: "ಓದಿದವರೆಲ್ಲ ಕುಲಪತಿಗಳಾಗ್ತಾರಾ ಬುದ್ಧಿ?"

ಪ್ರಶ್ನೆ ನ್ಯಾಯವಾದದ್ದು. "ಆಗುವುದಿಲ್ಲ ಯಜಮಾನರೆ. ನಿಮ್ಮ ಮಗನಿಗೆ ನೌಕರಿ ಸಿಕ್ಕೇ ಸಿಗುವುದೆಂದೂ ನಾವು ಹೇಳಲಾರೆವು. ಆದರೆ ಆ ಗುಡ್ಡದ ಮೇಲೆ ಅವರು ಅಷ್ಟೆಲ್ಲ ಕಟ್ಟಿದ್ದು ಯಾರಿಗಾಗಿ? ಬಾಗಿಲು ತೆರೆದಿರುವಾಗ ಹೊಸ್ತಿಲಿನಿಂದಲೇ ಮಗನನ್ನು ಹಿಂದಕ್ಕೆ ಕರೆಯಬೇಡಿ. ಎರಡು ವರ್ಷದ ಊಟದ ಖರ್ಚು ಮಠದ್ದು" ಎಂದೆವು.

ಅವರು ಬಹಳ ಹೊತ್ತು ಹೊಳೆಯನ್ನೇ ನೋಡುತ್ತ ನಿಂತರು. ಬಳಿಕ ಮಗನ ಕಡೆ ತಿರುಗಿ, "ನಾಟಿ ಮುಗಿಸಿಕೊಟ್ಟು ಹೋಗಪ್ಪ, ಮುಂದಿಂದು ನಾನು ನೋಡ್ಕೋತೀನಿ" ಎಂದರು.

ಮಠದಲ್ಲಿ ಓದಿ ಹೋದ ಹಿರಿಯ ವಿದ್ಯಾರ್ಥಿಗಳೇ, ನಿಮ್ಮೂರಿನಲ್ಲಿಯೂ ಇಂಥ ಒಬ್ಬ ಹುಡುಗನೋ ಹುಡುಗಿಯೋ ಹೊಸ್ತಿಲ ಬಳಿ ನಿಂತಿರಬಹುದು. ಒಮ್ಮೆ ವಿಚಾರಿಸಿರಿ. ನಾವು ಒಮ್ಮೆ ವಿಚಾರಿಸದೆ ತಪ್ಪಿದವರು; ಆದ್ದರಿಂದಲೇ ಬೇಡುತ್ತಿದ್ದೇವೆ.